ಮನಸ್ಸಿಗೂ ಒಂದು ಓಪಿಡಿ ಚೀಟಿ: ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದದ್ದು

ಎಂ.ಎ. ಎರಡನೇ ಸೆಮಿಸ್ಟರ್‌ನಲ್ಲಿ ನನಗೆ ನಿದ್ದೆ ಬಿಟ್ಟುಹೋಯಿತು. ರಾತ್ರಿ ಹನ್ನೊಂದಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ. ಅಶೋಕಪುರಂ ಸ್ಟೇಷನ್ ಕಡೆಯಿಂದ ಮೊದಲ ರೈಲಿನ ಸದ್ದು ಕೇಳುವವರೆಗೆ ಸೂರು ನೋಡುತ್ತಾ ಬಿದ್ದಿರುತ್ತಿದ್ದೆ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅಳು ಬರುತ್ತಿತ್ತು.

"ಯಾರ್ದೋ ಕಣ್ಣು ಬಿದ್ದದೆ ಕೂಸೇ" ಅಂತ ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಾದಪ್ಪನಿಗೆ ಹರಕೆ ಕಟ್ಟಿಕೊಂಡಳು. ಅಪ್ಪ, "ಓದು ಜಾಸ್ತಿ ಆಯ್ತು, ಒಂದ್ ವಾರ ರಜಾ ಹಾಕು" ಅಂದ. ಇಬ್ಬರೂ ನನ್ನನ್ನು ಬೈಯಲಿಲ್ಲ. ನನಗೆ ಆಗುತ್ತಿದ್ದುದಕ್ಕೆ ಏನು ಹೆಸರು ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಡ್ಮಿಷನ್ನಿನಿಂದ ಸ್ಕಾಲರ್‌ಶಿಪ್‌ವರೆಗೆ ಎಲ್ಲವನ್ನೂ ನಾನೇ ಮೊದಲು ತಿಳಿದುಕೊಂಡು ಮನೆಯವರಿಗೆ ಹೇಳಬೇಕಿತ್ತು. ಇದನ್ನೂ ಹಾಗೆಯೇ ತಿಳಿದುಕೊಳ್ಳಬೇಕಾಯಿತು.

ಓದುತ್ತಿದ್ದ ಸಂಸ್ಥೆಯಲ್ಲಿ 'ಆಪ್ತಸಮಾಲೋಚನಾ ಕೇಂದ್ರ' ಅಂತ ಬೋರ್ಡ್ ಇತ್ತು. ಒಳಗೆ ಹಳೇ ಉತ್ತರ ಪತ್ರಿಕೆಗಳ ಬಂಡಲ್ಲು. ವಾರಕ್ಕೊಮ್ಮೆ ಅಲ್ಲಿ ಕೂರುತ್ತಿದ್ದವರು ನಮಗೆ ಪಾಠ ಮಾಡುವ, ಇಂಟರ್ನಲ್ ಮಾರ್ಕ್ಸ್ ಹಾಕುವ ಮೇಷ್ಟ್ರೇ. ಆದರೂ ಹೋದೆ. ಸ್ಕಾಲರ್‌ಶಿಪ್ ಬಂದಿಲ್ಲ, ಫೀಸಿನ ಸಾಲ ಹಾಗೇ ಇದೆ ಅಂದೆ. "ಎಲ್ಲಿಂದ ಬರ್ತೀಯಾ" ಅಂತ ಕೇಳಿದವರಿಗೆ ಅಶೋಕಪುರಂ ಅಂದ ಕೂಡಲೇ ಮಾತಿನ ಧಾಟಿ ಬದಲಾಗುವುದನ್ನು ಹೇಳಿದೆ. "ನಿಮಗೇನಮ್ಮ, ಸೀಟು ತಾನಾಗೇ ಸಿಗುತ್ತೆ" ಅನ್ನುವ ಸಹಪಾಠಿಗಳ ಬಗ್ಗೆಯೂ ಹೇಳಿದೆ. ಅವರು ಗಡಿಯಾರ ನೋಡಿಕೊಂಡು, "ಪಾಸಿಟಿವ್ ಆಗಿ ಯೋಚಿಸು, ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ" ಅಂದರು. ಮುಂದಿನ ವಾರ ಇನ್ನೊಬ್ಬ ಮೇಡಂ ಕಾರಿಡಾರಿನಲ್ಲಿ ನಿಲ್ಲಿಸಿ, "ಈಗ ತಲೆ ಸರಿಹೋಯ್ತಾ?" ಅಂತ ಕೇಳಿದರು. ಅವರಿಗೆ ನಾನು ಏನೂ ಹೇಳಿರಲಿಲ್ಲ.

ಆಮೇಲೆ ಎಂಟು ತಿಂಗಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆ ಎಂಟು ತಿಂಗಳು ಇನ್ನೊಬ್ಬರಿಗೆ ನಷ್ಟವಾಗಬಾರದು ಅಂತ, ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾರ ಹತ್ತಿರ ಹೋಗಬೇಕು?

ಮೊದಲ ಗೊಂದಲ ಇದೇ. ಆಪ್ತಸಮಾಲೋಚಕರು ಅಂದರೆ ಕೌನ್ಸೆಲರ್, ಮಾತುಕತೆಯ ಮೂಲಕ ದಾರಿ ಹುಡುಕಲು ನೆರವಾಗುವವರು. ಪರೀಕ್ಷೆಯ ಭಯ, ಮನೆಯ ಜಗಳ, ಪ್ರೀತಿ ಮುರಿದ ನೋವು ಇಂಥದ್ದಕ್ಕೆ ಒಳ್ಳೆಯ ಕೌನ್ಸೆಲರ್ ಸಾಕಾಗಬಹುದು. ಆದರೆ ಈ ಹೆಸರಿನ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳುವ ಪರಿಸ್ಥಿತಿ ಇದೆ. ಹಾಗಾಗಿ "ನೀವು ಏನು ಓದಿದ್ದೀರಿ?" ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ರೋಗಲಕ್ಷಣ ಅಳೆಯಲು, ಥೆರಪಿ ಕೊಡಲು ವಿಶೇಷ ತರಬೇತಿ ಪಡೆದವರು. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇರಬೇಕು. ಅವರು ಮಾತ್ರೆ ಬರೆಯುವುದಿಲ್ಲ.

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಆ ವಿಭಾಗದಲ್ಲಿ ಮುಂದೆ ಓದಿದ ಡಾಕ್ಟರ್. ಮಾತ್ರೆ ಬರೆಯುವವರು ಇವರು.

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಓದು ಮೂರೂ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಸಾಯುವ ಯೋಚನೆ ಬರುತ್ತಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ. ಯಾರ ಹತ್ತಿರ ಅಂತ ಗೊತ್ತಾಗದಿದ್ದರೂ ಮನೋವೈದ್ಯರಿಂದಲೇ ಶುರುಮಾಡಬಹುದು. ಮಾತ್ರೆ ಬೇಡ, ಥೆರಪಿ ಸಾಕು ಅನ್ನಿಸಿದರೆ ಅವರೇ ಕಳಿಸುತ್ತಾರೆ.

ಮೈಸೂರಿನಲ್ಲಿ ಎಲ್ಲಿ?

ಖಾಸಗಿ ಕ್ಲಿನಿಕ್ಕಿನ ಫೀಸು ನಮ್ಮಂಥವರಿಗೆ ಭಾರ. ಆದರೆ ಇರ್ವಿನ್ ರಸ್ತೆಯ ಕೆ.ಆರ್. ಆಸ್ಪತ್ರೆ, ನಮ್ಮವರ ಬಾಯಲ್ಲಿ ದೊಡ್ಡಾಸ್ಪತ್ರೆ, ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ್ದು. ಅಲ್ಲಿ ಮನೋವೈದ್ಯ ವಿಭಾಗ ಇದೆ. ಜ್ವರಕ್ಕೆ ಹೋದವರು ಹೇಗೆ ಓಪಿಡಿ ಚೀಟಿ ಮಾಡಿಸುತ್ತಾರೋ ಇದಕ್ಕೂ ಹಾಗೆಯೇ. ಬೆಳಿಗ್ಗೆ ಬೇಗ ಹೋಗಿ, ಆಧಾರ್ ಕಾರ್ಡ್, ರೇಷನ್ ಕಾರ್ಡ್ ಜೊತೆಗಿರಲಿ. ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ ಇದೆ ಅನ್ನುವುದು, ಅದರ ಮುಂದೆಯೇ ಓಡಾಡುವ ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ.

ರಜೆಯಲ್ಲಿ ಊರಿಗೆ ಹೋದರೆ ಚಿಕಿತ್ಸೆ ನಿಲ್ಲಿಸಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಇದರ ಕೆಳಗೆ ಜಿಲ್ಲಾಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕ್ಲಿನಿಕ್ ನಮ್ಮ ರಾಜ್ಯದ್ದು. ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಳ್ಳಿ.

ಎಲ್ಲಿಗೂ ಹೋಗಲು ಕಾಲೇ ಬರುತ್ತಿಲ್ಲ ಅನ್ನುವವರಿಗೆ ಫೋನಿದೆ. ಟೆಲಿ-ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾನು ಮೊದಲು ಬಾಯಿ ಬಿಟ್ಟದ್ದು ಇಲ್ಲೇ, ಒಂದು ರಾತ್ರಿ ಅಟ್ಟದ ಮೆಟ್ಟಿಲ ಮೇಲೆ ಕೂತು, ಪಿಸುದನಿಯಲ್ಲಿ.

ಯಾರಿಗಾದರೂ ಗೊತ್ತಾದರೆ?

ಮೈಸೂರಿಗೆ ಮನಶ್ಶಾಸ್ತ್ರ ಹೊಸದಲ್ಲ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿ ಇದ್ದದ್ದು ಚಾಮರಾಜಪುರಂನಲ್ಲಿ, ರೈಲಿನಲ್ಲಿ ನಮ್ಮ ಹಿಂದಿನ ಸ್ಟಾಪು. ಅವರ 'ಶರಪಂಜರ'ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಬಿಟ್ಟರೂ ಕಾಯಿಲೆಯ ಹೆಸರು ಅವಳನ್ನು ಬಿಡುವುದಿಲ್ಲ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಇಷ್ಟು ವರ್ಷ ಕಳೆದರೂ ನನ್ನ ಅವ್ವನ ಮೊದಲ ಪ್ರಶ್ನೆ, "ನಾಳೆ ಗಂಡು ನೋಡಕ್ ಬಂದೋರು ಕೇಳುದ್ರೆ ಏನ್ ಹೇಳದು?" ಅನ್ನುವುದೇ ಆಗಿತ್ತು.

ಈ ಭಯಕ್ಕೆ ಕಾನೂನಿನಲ್ಲಿ ಒಂದಷ್ಟು ಉತ್ತರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅದರ 18ನೇ ಸೆಕ್ಷನ್ ಪ್ರಕಾರ ಮಾನಸಿಕ ಚಿಕಿತ್ಸೆ ನಮ್ಮ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ ಇಲ್ಲದಿರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. 23ನೇ ಸೆಕ್ಷನ್ ಗೋಪ್ಯತೆಯದ್ದು. ಪ್ರಾಣಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವೇ ಸಂದರ್ಭ ಬಿಟ್ಟರೆ ನಿಮ್ಮ ವಿಷಯವನ್ನು ಹೊರಗೆ ಹೇಳುವಂತಿಲ್ಲ. 18 ವರ್ಷ ತುಂಬಿದ್ದರೆ ಡಾಕ್ಟರನ್ನು ಕಾಣಲು ಅಪ್ಪ ಅಮ್ಮನ ಸಹಿ ಬೇಕಿಲ್ಲ, ಎಚ್‌ಒಡಿ ಅನುಮತಿಯೂ ಬೇಕಿಲ್ಲ.

"ಸಾಯಬೇಕು ಅನ್ನಿಸುತ್ತೆ ಅಂದರೆ ಪೊಲೀಸರನ್ನು ಕರೀತಾರೆ" ಅನ್ನುವುದು ಹಾಸ್ಟೆಲಿನಲ್ಲಿ ನಾನು ಕೇಳಿದ ಇನ್ನೊಂದು ಮಾತು. ಅಂಥ ಯೋಚನೆ ಅಪರಾಧ ಅಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅಂತ ಇದೇ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಡಾಕ್ಟರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮಾತ್ರೆ ತಗೊಂಡರೆ ಜೀವನಪೂರ್ತಿ ಬೇಕಾ?

ಕೊನೆಗೆ ನನ್ನ ಜೊತೆ ಬಂದವಳು ದೊಡ್ಡಪ್ಪನ ಮಗಳು, ಅಕ್ಕ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ನಿದ್ದೆ, ಊಟ, ಓದಿನ ಬಗ್ಗೆ ಕೇಳಿದರು. ಆಮೇಲೆ ನೇರವಾಗಿ, "ಸಾಯಬೇಕು ಅನ್ನಿಸಿದ್ಯಾ?" ಅಂದರು. ಹೌದು ಅಂದೆ. ಅವರು ಗಾಬರಿಯಾಗಲಿಲ್ಲ, ಬರೆದುಕೊಂಡರು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೋಪ್ರಾಮ್, ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ. ಇವು ಕುಡಿತದ ಹಾಗೆ ಚಟ ಹಿಡಿಸುವಂಥವಲ್ಲ. ಆದರೆ ಇವತ್ತು ನುಂಗಿದರೆ ನಾಳೆ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ತಳಮಳ ಆಗಬಹುದು. ಆ ದಿನಗಳಲ್ಲಿ ಸಾಯುವ ಯೋಚನೆ ಹೆಚ್ಚಾದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು. ಎಷ್ಟೋ ಜನ ಎರಡೇ ವಾರಕ್ಕೆ "ಏನೂ ಆಗಲಿಲ್ಲ" ಅಂತ ಬಿಡುತ್ತಾರೆ. ಇನ್ನು ಕೆಲವರು ಸ್ವಲ್ಪ ಹುಷಾರಾದ ಕೂಡಲೇ ತಾವೇ ನಿಲ್ಲಿಸುತ್ತಾರೆ. ಎರಡೂ ತಪ್ಪು. ಬಿಡುವಾಗ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಕಡಿಮೆ ಮಾಡಬೇಕು. ನಿದ್ದೆ ಮಾತ್ರೆಗಳ ವಿಷಯ ಬೇರೆ. ಅವುಗಳಲ್ಲಿ ಕೆಲವು ಅಭ್ಯಾಸವಾಗಿಬಿಡುತ್ತವೆ. ಸ್ನೇಹಿತೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳಬೇಡಿ.

ಸಂಸ್ಥೆಯ ಪಾಲಿನ ಕೆಲಸ

ಮೂರನೇ ಭೇಟಿಯಲ್ಲಿ ಕ್ಲಾಸಿನ ಮಾತುಗಳನ್ನು ಡಾಕ್ಟರಿಗೂ ಹೇಳಿದೆ. ಅವರು ಅಡ್ಜಸ್ಟ್ ಮಾಡ್ಕೋ ಅನ್ನಲಿಲ್ಲ. "ನಿನ್ನ ನಿದ್ದೆಗೆ ನಾನು ಔಷಧಿ ಕೊಡಬಹುದು. ಅವರ ಬಾಯಿಗೆ ನನ್ನ ಹತ್ರ ಔಷಧಿ ಇಲ್ಲ, ಅದಕ್ಕೆ ನೀನು ಕಂಪ್ಲೇಂಟ್ ಕೊಡಬೇಕು" ಅಂದರು. ಯಾವುದು ನನ್ನ ಕಾಯಿಲೆ, ಯಾವುದು ನನಗಾದ ಅನ್ಯಾಯ ಅಂತ ಮೊದಲ ಸಲ ಯಾರೋ ಬಿಡಿಸಿ ಹೇಳಿದ್ದರು.

ಈ ಎರಡನ್ನೂ ಕಲೆಸಿಬಿಡುವುದರಿಂದಲೇ ನಮ್ಮಂಥ ವಿದ್ಯಾರ್ಥಿಗಳಿಗೆ ತೊಂದರೆ. ಬರೀ ಕೌನ್ಸೆಲಿಂಗ್ ಅಂದರೆ ಅವಮಾನವೂ ನಮ್ಮ ತಲೆಯ ದೋಷವಾಗುತ್ತದೆ. ಬರೀ ಹೋರಾಟ ಅಂದರೆ, ಹೋರಾಡಬೇಕಾದವಳು ಮೂರು ಗಂಟೆಗೆ ಎದ್ದು ಸೂರು ನೋಡುತ್ತಾ ಮಲಗಿರುತ್ತಾಳೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಎದ್ದ ಪ್ರಶ್ನೆಗಳು ಇನ್ನೂ ಹಾಗೇ ಇವೆ.

ಸುಪ್ರೀಂ ಕೋರ್ಟ್ 2025ರಲ್ಲಿ ಎರಡು ಮುಖ್ಯ ಆದೇಶ ಕೊಟ್ಟಿದೆ. ಮಾರ್ಚ್ 24ರಂದು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ರಚಿಸಿತು. ಜುಲೈ 25ರಂದು 15 ಮಾರ್ಗಸೂಚಿ ಹೊರಡಿಸಿತು. ಕಾನೂನು ಬರುವವರೆಗೆ ಶಿಕ್ಷಣ ಸಂಸ್ಥೆಗಳು ಇವನ್ನು ಪಾಲಿಸಲೇಬೇಕು. 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಹಾಸ್ಟೆಲ್, ಕ್ಲಾಸ್‌ರೂಮುಗಳಲ್ಲಿ ಸಹಾಯವಾಣಿ ನಂಬರ್ ದೊಡ್ಡದಾಗಿ ಬರೆದಿರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಎಸ್‌ಸಿ, ಎಸ್‌ಟಿ ಸೇರಿದಂತೆ ಅಂಚಿನ ಸಮುದಾಯಗಳ ವಿದ್ಯಾರ್ಥಿಗಳನ್ನು ಭೇದವಿಲ್ಲದೆ, ಸೂಕ್ಷ್ಮವಾಗಿ ನೋಡಿಕೊಳ್ಳಬೇಕು. ಇನ್ನು ತಾರತಮ್ಯದ ದೂರು ಕೇಳಲು ಪ್ರತ್ಯೇಕ ಅಧಿಕಾರಿ ಇರಬೇಕೆಂದು ಯುಜಿಸಿಯ 2012ರ ನಿಯಮಗಳೇ ಹೇಳಿದ್ದವು.

ನಿಮ್ಮ ಕಾಲೇಜಿನಲ್ಲಿ ಇವು ಇವೆಯೇ? ಬರವಣಿಗೆಯಲ್ಲಿ ಕೇಳಿ. ಒಬ್ಬರೇ ಕೇಳಲು ಹೆದರಿಕೆಯಾದರೆ ಹತ್ತು ಜನ ಸಹಿ ಮಾಡಿ. ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೌನ್ಸೆಲರ್ ಆಗಿರುವವರು ನಿಮಗೆ ಮಾರ್ಕ್ಸ್ ಹಾಕುವವರೇ ಆಗಿದ್ದರೆ, ಅದನ್ನೂ ಬರೆಯಿರಿ.

ನಾನು ದೂರು ಕೊಟ್ಟೆ. ಮೂವರು ಸಹಪಾಠಿಗಳು ಜೊತೆಗೆ ಸಹಿ ಹಾಕಿದರು. ದೊಡ್ಡ ಬದಲಾವಣೆ ಏನೂ ಆಗಲಿಲ್ಲ, ಆದರೆ ಆ ಕೋಣೆಯಿಂದ ಉತ್ತರ ಪತ್ರಿಕೆಯ ಬಂಡಲ್ಲು ಹೊರಗೆ ಹೋದವು, ಹೊರಗಿನಿಂದ ಒಬ್ಬ ಕೌನ್ಸೆಲರ್ ಬರತೊಡಗಿದರು. ನಾನು ಒಂದು ಸೆಮಿಸ್ಟರ್ ತಡವಾಗಿ ಎಂ.ಎ. ಮುಗಿಸಿದೆ.

ಅವ್ವ ನನ್ನ ಮಾತ್ರೆಯ ಡಬ್ಬಿಯನ್ನು ಮಾದಪ್ಪನ ಫೋಟೋ ಪಕ್ಕ, ವಿಭೂತಿ ತಟ್ಟೆಯ ಹತ್ತಿರ ಇಡುತ್ತಿದ್ದಳು. "ಅಲ್ಲಿದ್ರೆ ಮರೆಯಕಿಲ್ಲ" ಅನ್ನುತ್ತಿದ್ದಳು. ಡಾಕ್ಟರ್ ನಿಲ್ಲಿಸು ಅನ್ನುವವರೆಗೆ ಒಂದು ದಿನವೂ ಮರೆಯಲಿಲ್ಲ. ಈಗ ನಮ್ಮ ಬೀದಿಯಲ್ಲಿ ಯಾರ ಮಗಳಿಗಾದರೂ ನಿದ್ದೆ ಬರುತ್ತಿಲ್ಲ ಅಂದರೆ, ದೃಷ್ಟಿ ತೆಗೆದು ಮುಗಿಸಿ, "ದೊಡ್ಡಾಸ್ಪತ್ರೆಗೂ ಒಂದ್ ಸಲ ಕರ್ಕೊಂಡ್ ಹೋಗವ್ವ, ಚೀಟಿ ಮಾಡ್ಸುದ್ರೆ ನೋಡ್ತಾರೆ" ಅಂತ ಹೇಳುವವಳು ಅವಳೇ.