ಬಟವಾಡೆ ಹೋಯಿತು, ಪ್ರಚಾರದವರು ಬಂದರು!

ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲಿನಲ್ಲಿ ಈಗ ಹೊಸ ಬಗೆಯ ಗಿರಾಕಿ ಕಾಣಿಸಿಕೊಂಡಿದ್ದಾನೆ. ಕೊಳ್ಳೋಕೆ ಬಂದವನಲ್ಲ, ಮಾರೋಕೆ ಬಂದವನು. ಇಸ್ತ್ರಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಎರಡು ಫೋನು. “ಸಾರ್, ನಿಮ್ಮ ಅಂಗಡಿ ಆನ್‌ಲೈನಲ್ಲಿ ಕಾಣಿಸ್ತಾನೇ ಇಲ್ಲ. ತಿಂಗಳಿಗೆ ಇಷ್ಟು ಅಂತ ಕೊಡಿ, ಮಿಕ್ಕಿದ್ದು ನಮಗೆ ಬಿಡಿ” ಅನ್ನುತ್ತಾನೆ. ಹೆಸರಿನ ಕೆಳಗೆ ‘ಮಾರ್ಕೆಟಿಂಗ್’ ಅಂತ ಅಚ್ಚಾದ ಕಾರ್ಡು ಗಲ್ಲಾ ಮೇಲಿಟ್ಟು ಪಕ್ಕದ ಅಂಗಡಿಗೆ ಹೋಗುತ್ತಾನೆ. ಬಂಗಾರಪೇಟೆ ಬಜಾರಿನಲ್ಲೂ ಇದೇ ಕಥೆ. ದುಡ್ಡು ಕೊಡಬೇಕೋ ಬೇಡವೋ? ಕೊಡುವುದಾದರೆ ಯಾರಿಗೆ?

ಒಂದು ಕಾಲಕ್ಕೆ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಗಣಿಯ ಬಟವಾಡೆಯೇ ದೊಡ್ಡ ಪ್ರಚಾರ. ಸಂಬಳದ ದುಡ್ಡು ಕೈಗೆ ಬಂತು ಅಂದರೆ ಅದು ಬಜಾರಿಗೂ ಬಂತು ಅಂತಲೇ ಲೆಕ್ಕ. ಬೋರ್ಡ್ ಬರೆಯುವ ಆರ್ಟಿಸ್ಟು, ಟಾಕೀಸಿನ ಸ್ಲೈಡು, ಮೈಕು ಕಟ್ಟಿದ ಜಟಕಾ: ಇಷ್ಟೇ ಆಗ ಮಾರ್ಕೆಟಿಂಗು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 1964ರಲ್ಲಿ ಶುರುವಾದ ಬೆಮೆಲ್ ಉಳಿದುಕೊಂಡಿತು ನಿಜ, ಆದರೆ ಊರಿನ ಬಹುಪಾಲು ದುಡಿಮೆ ಬೆಂಗಳೂರಿನ ರೈಲು ಹತ್ತಿತು. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ, ಬಂಗಾರಪೇಟೆ ಜಂಕ್ಷನ್ನಿನಿಂದ ಹೊರಡುವ ಜನ ರಾತ್ರಿ ವಾಪಸು ಬರುವಾಗ ಕೈಯಲ್ಲಿ ಬೆಂಗಳೂರಿನ ಅಂಗಡಿಯ ಚೀಲವಿರುತ್ತದೆ. ನಮ್ಮ ಅಂಗಡಿಯವರ ಸಂಕಟ ಇರೋದೇ ಇಲ್ಲಿ. ಈ ಜನರನ್ನು ಮತ್ತೆ ನಮ್ಮ ಮೆಟ್ಟಿಲು ಹತ್ತಿಸುವವನು ಸಿಕ್ಕರೆ ಸಂಬಳ ಕೊಟ್ಟರೂ ತಪ್ಪಿಲ್ಲ. ಸಿಗದಿದ್ದರೆ ಇರುವ ಲಾಭವೂ ಅವನ ಪಾಲು.

ಮೊದಲು ಲೆಕ್ಕ ಹಾಕಿ ಸ್ವಾಮಿ!

ಸೀರೆ ಅಂಗಡಿಯೊಂದು ಅಂತಿಟ್ಟುಕೊಳ್ಳಿ. ಪ್ರಚಾರದವನು ಕೇಳಿದ್ದು ತಿಂಗಳಿಗೆ 12,000 ರೂಪಾಯಿ. ಸೇವೆಯ ಮೇಲೆ ಶೇಕಡ 18 ಜಿಎಸ್‌ಟಿ, ಅಂದರೆ 2,160. ಒಟ್ಟು 14,160. ನೀವು ಕಾಂಪೋಸಿಷನ್ ಸ್ಕೀಮಿನಲ್ಲಿರುವ ಸಣ್ಣ ವ್ಯಾಪಾರಿಯಾದರೆ ಆ ತೆರಿಗೆ ನಿಮಗೆ ವಾಪಸು ಸಿಗೋದಿಲ್ಲ, ಕೈಯಿಂದ ಹೋದದ್ದೇ. ಒಂದು ಸೀರೆಗೆ ಖರ್ಚೆಲ್ಲ ಕಳೆದು 150 ರೂಪಾಯಿ ಮಿಗುತ್ತದೆ ಅನ್ನೋಣ. ಅವನ ಸಂಬಳ ಹುಟ್ಟಬೇಕಾದರೆ ತಿಂಗಳಿಗೆ 95 ಸೀರೆ ಜಾಸ್ತಿ ಹೋಗಬೇಕು. ಅಂಗಡಿ ತೆಗೆಯುವುದು 26 ದಿನವಾದರೆ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು. ಈಗ ಹೋಗುತ್ತಿರುವುದರ ಮೇಲೆ ನಾಲ್ಕು! ಈ ಲೆಕ್ಕ ಅವನ ಮುಂದಿಟ್ಟು “ಆಗುತ್ತಾಪ್ಪಾ?” ಅಂತ ಕೇಳಿ. ಬಲ್ಲವನಾದರೆ “ಮೊದಲ ತಿಂಗಳು ಆಗಲ್ಲ ಅಣ್ಣಾ, ಹಬ್ಬದ ಹೊತ್ತಿಗೆ ನೋಡೋಣ, ಸದ್ಯಕ್ಕೆ ಕಮ್ಮಿ ದುಡ್ಡಲ್ಲಿ ಮಾಡೋಣ” ಅಂತಾನೆ. “ನೂರಕ್ಕೆ ನೂರು ಗ್ಯಾರಂಟಿ” ಅಂದವನಿಗೆ ಟೀ ಕುಡಿಸಿ ಕಳಿಸಿ.

ಇನ್ನೊಂದು ಜಾತಿಯವರಿದ್ದಾರೆ. “ಗೂಗಲ್‌ನಿಂದ ಮಾತಾಡ್ತಾ ಇದ್ದೀವಿ, ಮ್ಯಾಪಿನಲ್ಲಿ ನಿಮ್ಮ ಅಂಗಡಿ ಹೆಸರು ಉಳಿಸಿಕೊಳ್ಳೋಕೆ ಇಂತಿಷ್ಟು ಕಟ್ಟಿ” ಅಂತ ಫೋನು ಮಾಡುತ್ತಾರೆ. ಆ ಮ್ಯಾಪಿನಲ್ಲಿ ಅಂಗಡಿ ಹಾಕಿಸಲು ಗೂಗಲ್ ಕಂಪನಿ ಒಂದು ಬಿಡಿಗಾಸೂ ಕೇಳುವುದಿಲ್ಲ. ವಾಟ್ಸಾಪ್‌ನ ವ್ಯಾಪಾರದ ಆ್ಯಪೂ ಪುಕ್ಕಟೆ. ಮಾಡಿಕೊಟ್ಟವನ ಕೂಲಿ ಕೊಡಿ, ನ್ಯಾಯ. ಆದರೆ ಕೂಲಿಯನ್ನೇ ‘ಕಂಪನಿ ಫೀಸು’ ಅಂತ ವಸೂಲಿ ಮಾಡುವವನ ಸಹವಾಸ ಬೇಡ.

ಯಾವ ಭಾಷೆಯಲ್ಲಿ ಕೂಗುತ್ತಾನೆ?

ದುಡ್ಡಿಗಿಂತ ದೊಡ್ಡ ಪರೀಕ್ಷೆ ಇದು. ಬೆಂಗಳೂರಿನಿಂದ ಬಂದವನು ಇಂಗ್ಲಿಷಿನಲ್ಲಿ ಚೆಂದದ ಚಿತ್ರ ಮಾಡಿಕೊಡುತ್ತಾನೆ. ನೋಡೋರು ಯಾರು? ಚಾಂಪಿಯನ್ ರೀಫ್ಸ್ ಲೈನುಗಳಲ್ಲಿ ಮನೆಮಾತು ತಮಿಳು. ಆಂಧ್ರದ ಕಡೆಯ ಹಳ್ಳಿಗಳಿಂದ ಬರುವವರದ್ದು ತೆಲುಗು. ಬಂಗಾರಪೇಟೆ ಸಂತೆಗೆ ಬರುವ ರೈತ ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಉರ್ದು ಮಾತಾಡುವ ಗಿರಾಕಿಯೂ ಕಮ್ಮಿಯೇನಿಲ್ಲ. ಹಾಗಾಗಿ ಪ್ರಚಾರದವನನ್ನು ಗಲ್ಲಾ ಹತ್ತಿರ ಒಂದು ಗಂಟೆ ಸುಮ್ಮನೆ ಕೂರಿಸಿ. ಬಂದ ಅಜ್ಜಿಯ ಹತ್ತಿರ ಅವನು ಮಾತಾಡಬಲ್ಲನೋ, ಫೋನು ಒತ್ತುತ್ತಾ ಕೂರುತ್ತಾನೋ, ಗೊತ್ತಾಗಿಬಿಡುತ್ತದೆ. ಡಿಗ್ರಿ ಸರ್ಟಿಫಿಕೇಟಿಗಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ.

ರೈಲಿನ ಟೈಮು ಗೊತ್ತಿದೆಯೋ ಅಂತಲೂ ಕೇಳಿ, ನಗಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಕಳಿಸಿದ ಮೆಸೇಜು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವವನ ಜೇಬಿನಲ್ಲಿ ಸಾಯುತ್ತದೆ. ಅದೇ ಮೆಸೇಜು ಸಂಜೆ ವಾಪಸು ರೈಲಿನಲ್ಲಿ ಮಾಲೂರು, ಟೇಕಲ್ ದಾಟುವ ಹೊತ್ತಿಗೆ ಹೋದರೆ ಓದುವ ಪುರುಸೊತ್ತು ಇರುತ್ತದೆ. “ರಾತ್ರಿ ಒಂಬತ್ತೂವರೆವರೆಗೆ ಅಂಗಡಿ ತೆಗೆದಿರುತ್ತೆ” ಅನ್ನುವ ಒಂದು ಸಾಲು ಬಣ್ಣಬಣ್ಣದ ಫ್ಲೆಕ್ಸಿಗಿಂತ ಹೆಚ್ಚು ಕೆಲಸ ಮಾಡೀತು. ಹಾಗೆ ಹೇಳಿದ ಮೇಲೆ ತೆಗೆದಿರಬೇಕು, ಅದು ಬೇರೆ ಮಾತು.

ಫ್ಲೆಕ್ಸ್ ಅಂದಾಗ ನೆನಪಾಯಿತು. 2016ರಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರುಗಳನ್ನು ನಿಷೇಧಿಸಿದೆ. ಆದರೂ “ಸರ್ಕಲ್ಲಿಗೊಂದು ಹಾಕ್ತೀನಿ” ಅನ್ನುವವರಿಗೆ ಬರವಿಲ್ಲ. ನಗರಸಭೆಯವರು ಬಂದು ಕೇಳೋದು ಹಾಕಿದವನನ್ನಲ್ಲ, ಅದರಲ್ಲಿ ಹೆಸರಿರುವ ನಿಮ್ಮನ್ನು. ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕೆಂದು 2024ರ ಕಾಯ್ದೆ ಹೇಳುತ್ತದೆ. ಅದು ಗೊತ್ತಿಲ್ಲದ ಪ್ರಚಾರದವನು ಬೋರ್ಡಿಗೆ ನಿಮ್ಮಿಂದ ಎರಡು ಸಲ ದುಡ್ಡು ಕಕ್ಕಿಸುತ್ತಾನೆ. 2018ರ ಕೆಜಿಎಫ್ ಸಿನಿಮಾ ಬಂದ ಮೇಲಂತೂ ಸುತ್ತಿಗೆ ಹಿಡಿದ ನಾಯಕನ ಚಿತ್ರವನ್ನು ಬಿರಿಯಾನಿ ಹೋಟೆಲಿಗೂ ಹಾಕೋಣ ಅನ್ನುವವರಿದ್ದಾರೆ. ಅನುಮತಿಯಿಲ್ಲದೆ ಹಾಕಿ ಲಾಯರ್ ನೋಟಿಸು ಬಂದರೆ ಐಡಿಯಾ ಕೊಟ್ಟವನ ಫೋನು ಸ್ವಿಚ್ ಆಫ್!

ಇನ್ನು ಬಂಗಾರಪೇಟೆಯ ಪಾನಿಪೂರಿ ನೋಡಿ. ಹಸಿರು ಪಾನಿಯ ಬದಲು ಬಾವಿ ನೀರಿನಂತೆ ತಿಳಿಯಾದ ಪಾನಿ, ಆದರೆ ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಇವತ್ತು ಬೆಂಗಳೂರಿನ ಬೀದಿಗಳಲ್ಲೂ ‘ಬಂಗಾರಪೇಟೆ ಪಾನಿಪೂರಿ’ ಅಂತ ಬೋರ್ಡು. ತಿಂದವರು ಪಕ್ಕದವರಿಗೆ ಹೇಳಿದರು, ಅಷ್ಟೇ. ಒಳ್ಳೆಯ ಪ್ರಚಾರದವನು ಬಂದ ದಿನ ಮೊದಲು ಕೇಳುವುದು “ನಿಮ್ಮಲ್ಲಿ ಹಾಗೆ ಹೇಳಿಕೊಳ್ಳುವಂಥದ್ದು ಏನಿದೆ?” ಅಂತ. ಸರಕು ನೋಡದೆ, ರೇಟು ಕೇಳದೆ ಪ್ಯಾಕೇಜು ಬಿಚ್ಚುವವನು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿ.

ಹುಡುಕುವುದೆಲ್ಲಿ ಅಂತೀರಾ? ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹ್ಯಾಂಡ್‌ಬಿಲ್ ಅಚ್ಚು ಹಾಕುವ ಪ್ರೆಸ್ಸಿನವರನ್ನು ವಿಚಾರಿಸಿ, ಯಾರ ಕೆಲಸ ಮತ್ತೆ ಮತ್ತೆ ಬರುತ್ತದೆ ಅಂತ ಅವರಿಗೆ ಗೊತ್ತು. ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿರುವ ಹುಡುಗ ಹುಡುಗಿಯರಲ್ಲೂ ಈ ಕೆಲಸ ಬಲ್ಲವರಿದ್ದಾರೆ. ಯಾರೇ ಆಗಲಿ, ಹಿಂದೆ ಕೆಲಸ ಮಾಡಿಕೊಟ್ಟ ಎರಡು ಅಂಗಡಿಯ ವಿಳಾಸ ಇಸಕೊಂಡು ನೀವೇ ಹೋಗಿ ಕೇಳಿ.

ಒಪ್ಪಿಗೆಯಾದರೆ ಒಂದು ಹಾಳೆಯಲ್ಲಿ ಬರೆಸಿ: ಏನೇನು ಕೆಲಸ, ಎಷ್ಟು ದಿನಕ್ಕೆ, ಎಷ್ಟು ದುಡ್ಡು. ವರ್ಷದ ದುಡ್ಡು ಮುಂಗಡ ಬೇಡ, ತಿಂಗಳು ತಿಂಗಳು ಸಾಕು. ಅಂಗಡಿಯ ಪೇಜು, ಮ್ಯಾಪು ಎಲ್ಲವೂ ನಿಮ್ಮ ಫೋನ್ ನಂಬರಿನಲ್ಲೇ ಇರಲಿ, ಪಾಸ್‌ವರ್ಡು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಅವನು ನಾಳೆ ಎದುರು ಅಂಗಡಿಗೆ ಸೇರಿಕೊಂಡರೆ ನಿಮ್ಮ ಗಿರಾಕಿಗಳ ಪಟ್ಟಿಯೂ ರಸ್ತೆ ದಾಟಬಾರದು ನೋಡಿ. ಗಲ್ಲಾ ಪಕ್ಕ ಒಂದು ಸ್ಲೇಟು ನೇತುಹಾಕಿ. ಹೊಸ ಮುಖ ಕಂಡರೆ “ನಮ್ಮ ಅಂಗಡಿ ಯಾರು ಹೇಳಿದ್ರಮ್ಮಾ?” ಅಂತ ಕೇಳಿ ಒಂದು ಗೀಟು ಹಾಕಿ. ಫೋನು ನೋಡಿ ಬಂದವರಿಗೊಂದು ಸಾಲು, ನೆಂಟರು ಹೇಳಿ ಬಂದವರಿಗೊಂದು ಸಾಲು. ತಿಂಗಳ ಕೊನೆಗೆ ಅವನು ದುಡ್ಡಿಗೆ ಬಂದಾಗ ಇಬ್ಬರೂ ಸೇರಿ ಗೀಟು ಎಣಿಸಿ.