ಎತ್ತರಿಸಿದ ಜೀಪಿನ ಕೀಲುನೋವು

ಕೊಡಚಾದ್ರಿ ಇಳಿದು ಬಂದ ಜೀಪನ್ನು ಪಳಗಿದ ಮೇಸ್ತ್ರಿ ಮೊದಲು ತೊಳೆಸುವುದಿಲ್ಲ. ಕೆಂಪು ಕೆಸರು ಮೆತ್ತಿಕೊಂಡು ನಿಂತ ಗಾಡಿಯ ಅಡಿಗೆ ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಅಂಗಾತ ಜಾರುತ್ತಾರೆ. 'ತೊಳೆದ್ರೆ ಸಾಕ್ಷಿನೇ ಹೋಯ್ತಲ್ಲ ಮಾರಾಯ್ರೆ' ಎಂಬ ಮಾತು ಅಡಿಯಿಂದಲೇ ಕೇಳಿಬರುತ್ತದೆ. ಒಣಗಿದ ಕೆಸರು ಕದಲದೆ ಕೂತ ಕಡೆ ಎಲ್ಲವೂ ಭದ್ರ. ಎಲ್ಲಿ ಅದು ಬಿರುಕು ಬಿಟ್ಟು, ನಡುವೆ ಕಬ್ಬಿಣ ಮಿನುಗುತ್ತದೋ ಅಲ್ಲಿ ಎರಡು ಭಾಗ ಒಂದನ್ನೊಂದು ಉಜ್ಜುತ್ತಿವೆ. ಸವೆದದ್ದು ಯಾವುದೆಂದು ಕೆಸರೇ ಹೇಳುತ್ತದೆ.

ಹೊಸನಗರ ತಾಲ್ಲೂಕಿನ ಈ 1,343 ಮೀಟರ್ ಎತ್ತರದ ಬೆಟ್ಟಕ್ಕೆ ಕೊಲ್ಲೂರು, ನಿಟ್ಟೂರು ಕಡೆಯಿಂದ ಜನರನ್ನು ಹೊತ್ತೊಯ್ಯುವುದು ಜೀಪುಗಳೇ. ಕಲ್ಲು, ಕೊರಕಲು, ಮೊಣಕಾಲುದ್ದದ ಗುಂಡಿ. ಇಂಥ ದಾರಿಯಲ್ಲಿ ಎಂಜಿನ್ನಿಗಿಂತ ಮೊದಲು ದಣಿಯುವುದು ಗಾಡಿಯ ಕೀಲುಗಳು. ಅವುಗಳ ನಾಡಿ ಹಿಡಿಯುವ ಕಸುಬು ಮಲೆನಾಡಿನ ಸಣ್ಣಪುಟ್ಟ ಗ್ಯಾರೇಜುಗಳಲ್ಲಿ ಸದ್ದಿಲ್ಲದೆ ಬೆಳೆದಿದೆ.

ಕಮಾನಿನ ಲೆಕ್ಕ

ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲೀಸ್ ಜೀಪನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅದೇ ವಂಶದ ಎಂಎಂ 540ರಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಡೀ ಅಗಲದ ಗಟ್ಟಿ ಆಕ್ಸಲ್, ಅದಕ್ಕೆ ಕಮಾನು ಪಟ್ಟಿ. 2010ರ ಥಾರ್‌ನಲ್ಲಿ ಕಮಾನು ಹಿಂಬದಿಗಷ್ಟೇ ಉಳಿಯಿತು. 2020ರ ಥಾರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಸುರುಳಿ ಸ್ಪ್ರಿಂಗ್ ಬಂತು.

ಕಮಾನೆಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪ್ಲೇಟುಗಳು. ನಡುವೆ ತೂರಿ ಎಲ್ಲವನ್ನೂ ಪೋಣಿಸಿ ಹಿಡಿಯುವುದು ಸೆಂಟರ್ ಬೋಲ್ಟ್. ಆಕ್ಸಲ್‌ಗೆ ಬಿಗಿಯುವುದು ಯು-ಬೋಲ್ಟ್. ಮೇನ್ ಪ್ಲೇಟಿನ ಎರಡು ತುದಿಯ ಕಣ್ಣಿನೊಳಗೆ ರಬ್ಬರ್ ಬುಶ್. ಭಾರಕ್ಕೆ ಕಮಾನು ಚಪ್ಪಟೆಯಾದಾಗ ಉದ್ದವಾಗುತ್ತದಲ್ಲ, ಆ ಹೆಚ್ಚುವರಿ ಉದ್ದಕ್ಕೆ ಜಾಗ ಕೊಡಲು ಒಂದು ತುದಿಯಲ್ಲಿ ಉಯ್ಯಾಲೆಯಂತೆ ತೂಗುವ ಶ್ಯಾಕಲ್. ಪ್ಲೇಟಿನ ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಕೈಗೆ ಸಿಕ್ಕ ದಪ್ಪದ ಪ್ಲೇಟು ತುರುಕಿದರೆ ಗಾಡಿ ಎತ್ತರವಾಗುವುದೇನೋ ನಿಜ, ಕೂತವರ ಸೊಂಟ ಉಳಿಯುವುದಿಲ್ಲ.

ಎತ್ತರಕ್ಕೆ ತೆರುವ ಸುಂಕ

ಬಂಡೆಗೆ ಹೊಟ್ಟೆ ತಾಗದಿರಲೆಂದು ಜೀಪನ್ನು ಎತ್ತರಿಸುವ ದಾರಿ ಮುಖ್ಯವಾಗಿ ಮೂರು: ಪ್ಲೇಟು ಸೇರಿಸುವುದು, ಉದ್ದದ ಶ್ಯಾಕಲ್ ಹಾಕುವುದು, ಆಕ್ಸಲ್‌ನ ಅಡಿಗಿರುವ ಕಮಾನನ್ನು ಅದರ ಮೇಲಕ್ಕೆ ಕೂರಿಸುವುದು. ಮೂರರಲ್ಲೂ ಮೇಲೇರಿದ ಪ್ರತಿ ಇಂಚಿಗೆ ಸುಂಕ ತೆರುವುದು ಬೇರೆ ಯಾವುದೋ ಕೀಲು. ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಇಳಿಯುವುದರಿಂದ ಅದರ ಯುಜೆ ಕ್ರಾಸ್ ಬೇಗ ಸವೆಯುತ್ತದೆ. ಸ್ಟಿಯರಿಂಗ್‌ನ ಡ್ರ್ಯಾಗ್ ಲಿಂಕ್ ಓರೆಯಾಗಿ, ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಬ್ರೇಕಿನ ಹೋಸ್ ಗಿಡ್ಡವಾಗುತ್ತದೆ. ಶಾಕ್ ಅಬ್ಸಾರ್ಬರ್ ಹಳೆಯ ಅಳತೆಯದೇ ಉಳಿದರೆ, ಚಕ್ರ ಕೆಳಗೆ ಜೋತಾಗ ಇಡೀ ಆಕ್ಸಲ್‌ನ ಭಾರವನ್ನು ಹಗ್ಗದಂತೆ ಅದೇ ಹೊರಬೇಕು. ಒಂದು ದಿನ ಕೊಕ್ಕೆ ಸಮೇತ ಕಿತ್ತು ಬರುತ್ತದೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಿಗದಿ ಮಾಡಿದ ಸ್ವರೂಪವನ್ನು ಮನಸೋ ಇಚ್ಛೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎತ್ತರಿಸಿದ ಗಾಡಿಯನ್ನು ಡಾಂಬರು ರಸ್ತೆಗೆ ತರುವವರು ಇದನ್ನು ಮರೆಯಬಾರದು.

ಕಣ್ಣು, ಕೈ, ಟೇಪು

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿಯುತ್ತಾರೆ. ಎಡಬಲದ ಅಳತೆಯಲ್ಲಿ ವ್ಯತ್ಯಾಸ ಬಂದರೆ ತಗ್ಗಿದ ಕಡೆಯ ಕಮಾನು ಸೋತಿದೆ ಅಥವಾ ಒಳಗೆ ಪ್ಲೇಟು ಕಟ್ಟಾಗಿದೆ. ಕಟ್ಟಾದ ಪ್ಲೇಟು ಮೇಲ್ನೋಟಕ್ಕೆ ಕಾಣುವುದಿಲ್ಲ. ವೈರ್ ಬ್ರಶ್ಶಿನಲ್ಲಿ ಉಜ್ಜಿದಾಗ ಅಡ್ಡಕ್ಕೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದೇ.

ಆಮೇಲೆ ಬುಶ್. ಕಣ್ಣಿನ ಪಕ್ಕ ಸಣ್ಣ ಪಾರೆ ಇಟ್ಟು ಮೀಟಿದಾಗ ರಬ್ಬರು ತುಸು ಬಾಗಿ ಮರಳಿದರೆ ಸರಿ. ಟಕ್ಕೆಂದು ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಬುಶ್ ಹೋಯಿತು. ಸ್ಟಿಯರಿಂಗ್ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಸ್ಟಿಯರಿಂಗನ್ನು ಎಡಬಲಕ್ಕೆ ತುಸುವೇ ಅಲ್ಲಾಡಿಸುತ್ತಾನೆ, ಇನ್ನೊಬ್ಬರು ಅಡಿಯಲ್ಲಿ ಟೈರಾಡ್ ಎಂಡುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಾರೆ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ತಿಳಿಯುತ್ತದೆ.

ನನಗೆ ಬಹಳ ಹಿಡಿಸಿದ್ದು ಶಾಕ್ ಅಬ್ಸಾರ್ಬರ್ ಪರೀಕ್ಷೆ. ಕುಲುಕಾಟವನ್ನು ಶಾಖವಾಗಿ ಬದಲಿಸುವುದೇ ಅದರ ಕೆಲಸ. ಹಾಗಾಗಿ ಕೆಟ್ಟ ದಾರಿಯಲ್ಲಿ ಓಡಿ ಬಂದ ಕೂಡಲೇ ನಾಲ್ಕನ್ನೂ ಹುಷಾರಾಗಿ ಮುಟ್ಟಿ ನೋಡಬೇಕು. ಮೂರು ಬಿಸಿಯಾಗಿ ಒಂದು ತಣ್ಣಗಿತ್ತೆಂದರೆ, ಆ ತಣ್ಣಗಿರುವುದು ದಾರಿಯುದ್ದಕ್ಕೂ ದುಡಿದೇ ಇಲ್ಲ. 'ಜ್ವರ ಇಲ್ಲದ್ದೇ ಇಲ್ಲಿ ಕಾಯಿಲೆ' ಎಂದು ಮೇಸ್ತ್ರಿ ನಕ್ಕರು.

ಬಿಚ್ಚುವುದಲ್ಲ, ಕಟ್ಟುವುದು

ತಪ್ಪು ಹೆಚ್ಚಾಗಿ ಆಗುವುದು ಕಟ್ಟುವಾಗ. ಜಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ಹೋಗಬಾರದು. ಚಾಸಿಗೆ ಸ್ಟ್ಯಾಂಡ್ ಕೊಡಬೇಕು, ಆಕ್ಸಲ್‌ಗೆ ಬೇರೆ ಆಸರೆ ಬೇಕು. ಕಮಾನನ್ನಾಗಲಿ ಶಾಕನ್ನಾಗಲಿ ಒಂದೇ ಬದಿಗೆ ಬದಲಿಸಿದರೆ ಗಾಡಿ ಕುಂಟುತ್ತದೆ; ಜೋಡಿಯಾಗಿಯೇ ಹಾಕಬೇಕು. ಹಳೆಯ ಯು-ಬೋಲ್ಟ್ ಒಮ್ಮೆ ಬಿಗಿದು ಹಿಗ್ಗಿರುತ್ತದೆ, ಅದನ್ನು ಮತ್ತೆ ಬಳಸಬಾರದು. ಅದು ಸಡಿಲವಾದರೆ ಏಟೆಲ್ಲ ಸೆಂಟರ್ ಬೋಲ್ಟಿಗೆ. ಅದು ತುಂಡಾದರೆ ಆಕ್ಸಲ್ ಹಿಂದಕ್ಕೆ ಸರಿದು ಜೀಪು ಏಡಿಯಂತೆ ಅಡ್ಡ ನಡೆಯುತ್ತದೆ. ಹೊಸ ಯು-ಬೋಲ್ಟನ್ನೂ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಯಾಕೆಂದರೆ ಪ್ಲೇಟುಗಳು ಅಷ್ಟರಲ್ಲಿ ಒತ್ತಿ ಕೂತಿರುತ್ತವೆ.

ಅವಸರದವರು ಎಡವುವುದು ಬುಶ್‌ನಲ್ಲಿ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಕಣ್ಣಿನ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರು ಅದೇ ಭಂಗಿಗೆ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು, ಬೇಗನೆ ಹರಿಯುತ್ತದೆ. ಮೊದಲು ಸಡಿಲವಾಗಿ ಪೋಣಿಸಿ, ಜೀಪನ್ನು ಇಳಿಸಿ, ನಾಲ್ಕು ಸಲ ಕುಲುಕಿ, ಪೂರ್ತಿ ಭಾರ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ. ಐದು ನಿಮಿಷದ ಈ ತಾಳ್ಮೆ ಇಲ್ಲದೆ ಎಷ್ಟೋ ಹೊಸ ಬುಶ್‌ಗಳು 'ಡೂಪ್ಲಿಕೇಟ್ ಮಾಲು' ಎಂಬ ಬೈಗುಳ ತಿಂದಿವೆ.

ಬಿಚ್ಚಿದ ಹಳೆಯ ಪ್ಲೇಟು ಗುಜರಿಗೆ ಹೋಗುವುದು ಕಡಿಮೆ. ಕಮ್ಮಾರರಿಗೆ ಕತ್ತಿ ಮಾಡಲು ಇದಕ್ಕಿಂತ ಒಳ್ಳೆಯ ಉಕ್ಕು ಸಿಕ್ಕುವುದಿಲ್ಲ. ಅವರೂ ಕುಲುಮೆಗೆ ಹಾಕುವ ಮೊದಲು ಪ್ಲೇಟನ್ನು ಉಜ್ಜಿ, ಬೆಳಕಿಗೆ ಓರೆಯಾಗಿ ಹಿಡಿದು, ಅದೇ ಕೂದಲೆಳೆಯ ಗೆರೆಯನ್ನು ಹುಡುಕುತ್ತಾರೆ. ಗೆರೆ ಇರುವಷ್ಟನ್ನು ಕಡಿದು ಬಿಸಾಡಿ, ಮಿಕ್ಕಿದ್ದಕ್ಕೆ ಬೆಂಕಿ ತೋರಿಸುತ್ತಾರೆ.