ನರಿಯ ಮುಖವಾಡದೊಳಗಿನ ಮನುಷ್ಯ: ಯಾರು ಈ 'ಫರ್ರಿ'ಗಳು?

ಆಳೆತ್ತರದ ನರಿ, ನೀಲಿ ಬಣ್ಣದ ತೋಳ, ಕನ್ನಡಕ ಹಾಕಿದ ಹುಲಿ... ಅಮೆರಿಕದ ಯಾವುದೋ ಪೇಟೆಯಲ್ಲಿ ಇವೆಲ್ಲ ಸಾಲಾಗಿ ಕೈಬೀಸುತ್ತಾ ಹೋಗುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನೋಡಿದವರು ಹೇಳುವುದು ಸಾಮಾನ್ಯವಾಗಿ ಎರಡೇ ಮಾತು. ಒಂದು, 'ಇದೆಂಥ ಹುಚ್ಚು?' ಇನ್ನೊಂದು, 'ಇವರಿಗೆ ಬೇರೆ ಕೆಲಸ ಇಲ್ಲವೇ?'

ಇರಲಿ, ನಗು ಬಂದರೆ ನಗೋಣ. ಆದರೆ ಆ ತುಪ್ಪಳದ ತಲೆಯೊಳಗೆ ಇರುವವರು ಯಾರು, ಅಲ್ಲಿ ಅವರಿಗೆ ಸಿಗುವುದಾದರೂ ಏನು ಎಂದು ಹೊರಗೆ ನಿಂತೇ ಒಮ್ಮೆ ಕೇಳಿ ನೋಡೋಣ.

ಏನಿದು ಫರ್ರಿ?

'ಫರ್' ಎಂದರೆ ತುಪ್ಪಳ. ಮನುಷ್ಯರಂತೆ ಮಾತಾಡುವ, ಎರಡು ಕಾಲಲ್ಲಿ ನಡೆಯುವ ಪ್ರಾಣಿ ಪಾತ್ರಗಳ ಅಭಿಮಾನಿಗಳೇ ಫರ್ರಿಗಳು. ಮಾತಾಡುವ ಪ್ರಾಣಿ ನಮಗೇನೂ ಹೊಸತಲ್ಲ. ಪಂಚತಂತ್ರದಲ್ಲಿ ಕರಟಕ, ದಮನಕ ಎಂಬ ನರಿಗಳು ರಾಜನೀತಿಯನ್ನೇ ಚರ್ಚಿಸುತ್ತವೆ. ವ್ಯತ್ಯಾಸ ಇಷ್ಟೇ. ಫರ್ರಿಗಳು ಕಥೆ ಕೇಳಿ ಸುಮ್ಮನಾಗುವುದಿಲ್ಲ, ತಮಗಾಗಿಯೇ ಒಂದು ಪ್ರಾಣಿ ಪಾತ್ರ ಕಟ್ಟಿಕೊಳ್ಳುತ್ತಾರೆ. ಅದಕ್ಕೆ ಹೆಸರು, ಬಣ್ಣ, ಸ್ವಭಾವ ಎಲ್ಲ ಇರುತ್ತದೆ. ಇದನ್ನು ಅವರು 'ಫರ್ಸೋನಾ' ಎನ್ನುತ್ತಾರೆ. ತೋಳ, ನರಿ, ನಾಯಿ, ಡ್ರ್ಯಾಗನ್ ಹೆಚ್ಚು ಜನಪ್ರಿಯ.

ಎಲ್ಲರೂ ವೇಷ ಹಾಕುತ್ತಾರೆ ಎಂದುಕೊಳ್ಳಬೇಡಿ. ಪೂರ್ತಿ ವೇಷಕ್ಕೆ ಸಾವಿರಾರು ಡಾಲರ್ ಬೇಕು. ಹಾಗಾಗಿ ವೇಷ ಇರುವವರು ಕಡಿಮೆ. ಉಳಿದವರು ಚಿತ್ರ ಬಿಡಿಸುತ್ತಾರೆ, ಕಥೆ ಬರೆಯುತ್ತಾರೆ, ಹರಟುತ್ತಾರೆ. ತಾನು ನಿಜಕ್ಕೂ ಪ್ರಾಣಿಯೇ ಎಂದು ಇವರಲ್ಲಿ ಬಹುತೇಕರು ನಂಬುವುದಿಲ್ಲ. ವಯಸ್ಕರಿಗೆ ಮಾತ್ರ ಎನ್ನುವಂಥ ಚಿತ್ರ, ಕಥೆಗಳೂ ಈ ಬಳಗದಲ್ಲಿವೆ, ಸುಳ್ಳಲ್ಲ. ಸಮಾವೇಶಗಳಲ್ಲಿ ಅದಕ್ಕೆ ವಯಸ್ಸಿನ ಗುರುತುಚೀಟಿ ತೋರಿಸಬೇಕು.

65 ಜನರಿಂದ ಸಾವಿರಾರು ಜನರಿಗೆ

1980ರಲ್ಲಿ ಬಾಸ್ಟನ್ನಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಸಮಾವೇಶ ನಡೆದಿತ್ತು. ಅಲ್ಲಿ ಸ್ಟೀವ್ ಗಲಾಚಿ ಎಂಬ ಚಿತ್ರಕಾರರ ಪ್ರಾಣಿ ಪಾತ್ರದ ಚಿತ್ರವೊಂದು ಕೆಲವರನ್ನು ಒಟ್ಟುಗೂಡಿಸಿತು. ಹರಟೆ ಬೆಳೆದು ಬಳಗವಾಯಿತು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಮೊದಲ ಫರ್ರಿ ಸಮಾವೇಶ 'ಕಾನ್‌ಫ್ಯುರೆನ್ಸ್' ನಡೆದಾಗ ಬಂದವರು 65 ಜನ! 1997ರಲ್ಲಿ ಶುರುವಾದ 'ಆಂಥ್ರೋಕಾನ್' 2006ರಿಂದ ಪಿಟ್ಸ್‌ಬರ್ಗ್ ನಗರದಲ್ಲಿ ನಡೆಯುತ್ತಿದೆ. 2024ರಲ್ಲಿ ಅಲ್ಲಿಗೆ ಬಂದವರು 17 ಸಾವಿರಕ್ಕೂ ಹೆಚ್ಚು.

ವೇಷದೊಳಗೆ ಸೆಕೆ ಅಂದರೆ ಸೆಕೆ. ತಲೆ ಸ್ಪಂಜಿನದ್ದು, ಮೇಲೆ ಕೃತಕ ತುಪ್ಪಳ, ಕಣ್ಣಿಗೆ ಬಲೆ. ಪಕ್ಕದಲ್ಲಿ ಕೈಹಿಡಿದು ನಡೆಸಲು ಒಬ್ಬ ಗೆಳೆಯ ಬೇಕು. ಅದಕ್ಕೇ ಸಮಾವೇಶದಲ್ಲಿ ಒಂದು ಕೋಣೆ ಬೇರೆಯೇ ಇರುತ್ತದೆ. ಅಲ್ಲಿ ತಲೆ ತೆಗೆದಿಟ್ಟು, ಫ್ಯಾನಿನೆದುರು ಕೂತು ನೀರು ಕುಡಿಯುತ್ತಾರೆ. ಫೋಟೊ ತೆಗೆಯುವಂತಿಲ್ಲ. ನಮ್ಮ ಯಕ್ಷಗಾನದ ಚೌಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಯಕ್ಷಗಾನಕ್ಕೆ ಪ್ರಸಂಗ ಇದೆ, ಹುಲಿವೇಷಕ್ಕೆ ಹರಕೆ ಇದೆ. ಫರ್ರಿಗೆ ಅಂಥದ್ದೇನೂ ಇಲ್ಲ. ಹಾಗಾದರೆ ಯಾಕೆ ಇಷ್ಟೆಲ್ಲ?

'ಇಲ್ಲಿ ಯಾರೂ ಕೇಳುವುದಿಲ್ಲ'

ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾಥಿ ಗರ್ಬಾಸಿ ಮತ್ತು ಅವರ ಜತೆಗಾರರು ವರ್ಷಗಟ್ಟಲೆ ಫರ್ರಿಗಳ ಅಧ್ಯಯನ ಮಾಡಿದ್ದಾರೆ. ಅವರು ಕಂಡದ್ದು ಇದು. ಫರ್ರಿಗಳಲ್ಲಿ ಬಹಳಷ್ಟು ಮಂದಿ ಚಿಕ್ಕಂದಿನಲ್ಲಿ ಉಳಿದ ಮಕ್ಕಳಿಗಿಂತ ಹೆಚ್ಚು ಕೀಟಲೆ, ಹಿಂಸೆ ತಿಂದವರು. ಸಲಿಂಗಿಗಳು, ಲಿಂಗಪರಿವರ್ತಿತರು, ಆಟಿಸಂ ಇರುವವರ ಪ್ರಮಾಣವೂ ಹೊರಗಿನ ಸಮಾಜಕ್ಕಿಂತ ಅಲ್ಲಿ ಹೆಚ್ಚು. ಅಂದರೆ ಬೇರೆ ಕಡೆ ಜಾಗ ಸಿಗದವರು ಇಲ್ಲಿ ಬಂದು ಕೂತಿದ್ದಾರೆ.

ಹೊಸ ಮನುಷ್ಯನನ್ನು ಕಂಡೊಡನೆ ಲೋಕ ಕೇಳುವುದು ಯಾವ ಊರು, ಯಾರ ಮಗ, ಏನು ಕೆಲಸ ಎಂದು. ಫರ್ರಿಗಳು ಮೊದಲು ಕೇಳುವುದು 'ನಿನ್ನ ಪಾತ್ರ ಯಾವುದು?' ಎಂದು. ನಾಚಿಕೆ ಸ್ವಭಾವದ ಹುಡುಗನಿಗೆ ತನ್ನ ಬಗ್ಗೆ ಹೇಳುವುದು ಕಷ್ಟ, ತಾನು ಬಿಡಿಸಿದ ನರಿಯ ಬಗ್ಗೆ ಹೇಳುವುದು ಸುಲಭ. ಮುಖವಾಡ ಇರುವುದು ಮುಖ ಮುಚ್ಚಲು ಅಂದುಕೊಳ್ಳುತ್ತೇವೆ. ಇವರಿಗೆ ಅದು ಬಾಯಿ ಬಿಡಲು ಬೇಕು.

ನಗು ಎಲ್ಲಿಗೆ ಮುಟ್ಟಿತು?

2001ರಲ್ಲಿ ಹೆಸರಾಂತ ಪತ್ರಿಕೆಯೊಂದರ ಲೇಖನ, 2003ರಲ್ಲಿ ಟೀವಿಯ ಅಪರಾಧ ಧಾರಾವಾಹಿಯ ಒಂದು ಕಂತು, ಎರಡೂ ಫರ್ರಿಗಳನ್ನು ಕಾಮುಕರ ಕೂಟ ಎಂಬಂತೆ ತೋರಿಸಿದವು. ಆ ಚಿತ್ರವೇ ಜನರ ತಲೆಯಲ್ಲಿ ಉಳಿಯಿತು.

2014ರ ಡಿಸೆಂಬರ್‌ನಲ್ಲಿ ಶಿಕಾಗೊ ಬಳಿಯ ರೋಸ್‌ಮಾಂಟ್‌ನಲ್ಲಿ ಇನ್ನೊಂದು ಸಮಾವೇಶ. ಮಧ್ಯರಾತ್ರಿ ಕಳೆದ ಮೇಲೆ ಹೋಟೆಲಿನ ಮೆಟ್ಟಿಲ ಬಳಿ ಕ್ಲೋರಿನ್ ಅನಿಲ ಹರಡಿತು. ಯಾರೋ ಬೇಕೆಂದೇ ಮಾಡಿದ ಕೆಲಸವೆಂದು ಪೊಲೀಸರು ತನಿಖೆ ನಡೆಸಿದರು. ಸಾವಿರಾರು ಜನ ಚಳಿಯಲ್ಲಿ ಹೊರಗೆ ಬಂದರು. 19 ಮಂದಿ ಆಸ್ಪತ್ರೆ ಸೇರಿದರು. ಈ ಸುದ್ದಿ ಹೇಳುವಾಗ ಟೀವಿ ನಿರೂಪಕಿಯೊಬ್ಬರು ನಗು ತಡೆಯಲಾರದೆ ಎದ್ದೇ ಹೋದರು! ಮನುಷ್ಯರು ಉಸಿರಿಗೆ ಒದ್ದಾಡಿದ ಸುದ್ದಿ ಅದು. ವೇಷ ಕಂಡಿತು, ಮನುಷ್ಯ ಕಾಣಲಿಲ್ಲ.

2021ರ ಕೊನೆಯಿಂದ ಇನ್ನೊಂದು ಗಾಳಿಸುದ್ದಿ. ಅಮೆರಿಕದ ಶಾಲೆಗಳಲ್ಲಿ 'ಬೆಕ್ಕು ಎಂದುಕೊಳ್ಳುವ ಮಕ್ಕಳಿಗೆ' ಶೌಚಕ್ಕೆ ಮರಳಿನ ಪೆಟ್ಟಿಗೆ ಇಟ್ಟಿದ್ದಾರಂತೆ! ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡಿನ ಶಾಲಾಧಿಕಾರಿ ಇದು ಶುದ್ಧ ಸುಳ್ಳೆಂದರು. 2022ರ ಮಾರ್ಚ್‌ನಲ್ಲಿ ನೆಬ್ರಾಸ್ಕಾದ ಶಾಸಕ ಬ್ರೂಸ್ ಬಾಸ್ಟೆಲ್‌ಮನ್ ಇದನ್ನೇ ಸದನದಲ್ಲಿ ಹೇಳಿ, ಆಮೇಲೆ ಕ್ಷಮೆ ಕೇಳಿದರು. ಆದರೂ ಮಾತು ನಿಲ್ಲಲಿಲ್ಲ. 2025ರಲ್ಲಿ ಟೆಕ್ಸಾಸಿನಲ್ಲಿ ಶಾಲೆಯೊಳಗೆ ಇಂಥ ವರ್ತನೆ ನಿಷೇಧಿಸುವ ಮಸೂದೆಯೂ ಮಂಡನೆಯಾಯಿತು. ಇಲ್ಲದ ಪೆಟ್ಟಿಗೆಗೆ ಒಂದು ಕಾನೂನು!

ಹತ್ತಿರ ಬಂದವರು ಏನೆಂದರು?

ಪಿಟ್ಸ್‌ಬರ್ಗ್‌ನವರೂ ಮೊದಲು ಹುಬ್ಬೇರಿಸಿ ನೋಡಿದವರೇ. ಆದರೆ ಪ್ರತಿವರ್ಷ ಬಂದು, ಉಂಡು, ದುಡ್ಡು ಕೊಟ್ಟು, ಗಲಾಟೆ ಮಾಡದೆ ಹೋಗುವವರನ್ನು ಎಷ್ಟು ದಿನ ದೂರ ಇಡುವುದು? ಈಗ ಅವರ ಮೆರವಣಿಗೆ ನೋಡಲು ಊರಿನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಾರೆ. ಹತ್ತಿರದ ಹೋಟೆಲಿನ ಮಾಲೀಕರೊಬ್ಬರು ಸಾಲದಲ್ಲಿ ಸಿಕ್ಕಿಕೊಂಡಾಗ ಫರ್ರಿಗಳೇ ಹಣ ಕೂಡಿಸಿ ಕೊಟ್ಟರು.

2016ರ ಮಾರ್ಚ್‌ನಲ್ಲಿ ಕೆನಡಾದ ವ್ಯಾಂಕೂವರ್ ಬಳಿ ನಡೆದದ್ದು ಇನ್ನೂ ಚೆಂದ. ಫರ್ರಿ ಸಮಾವೇಶ ನಡೆಯುತ್ತಿದ್ದ ಹೋಟೆಲಿನಲ್ಲೇ ಸಿರಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರನ್ನೂ ಇಳಿಸಿದ್ದರು. ಅವರು ಹೆದರಬಹುದು, ಜಾಗ್ರತೆ ಎಂದು ಸಂಘಟಕರು ಸದಸ್ಯರಿಗೆ ಮೊದಲೇ ತಿಳಿಸಿದ್ದರು. ಮಕ್ಕಳು ಹೆದರಲೇ ಇಲ್ಲ. ಓಡಿಬಂದು ಅಪ್ಪಿಕೊಂಡರು, ಕುಣಿದರು.

ಎಲ್ಲರಿಗೂ ಬಾಗಿಲು ತೆರೆದರೆ?

ಹಾಗೆಂದು ಅದೇನೂ ಸ್ವರ್ಗವಲ್ಲ. ಅಮೆರಿಕದ ಫರ್ರಿಗಳಲ್ಲಿ ಹೆಚ್ಚಿನವರು ಬಿಳಿಯರೇ. ಯಾರು ಬಂದರೂ ಸೈ ಎಂಬ ಮಾತೇ ಒಮ್ಮೆ ಅವರಿಗೆ ತಿರುಗಿ ಬಡಿಯಿತು. ನಾಜಿಗಳ ಗುರುತನ್ನು ಹೋಲುವ ತೋಳುಪಟ್ಟಿ ಕಟ್ಟಿದ ಗುಂಪೊಂದು ಡೆನ್ವರ್ ಸಮಾವೇಶದಲ್ಲಿ ಸೇರಿಕೊಂಡಿತು. ಜಗಳ, ಬೆದರಿಕೆ, ಏರಿದ ಭದ್ರತಾ ಖರ್ಚು. ಕೊನೆಗೆ 2017ರ ಸಮಾವೇಶವೇ ರದ್ದಾಯಿತು. ಕೆಲವರನ್ನು ಹೊಸ್ತಿಲಲ್ಲೇ ತಡೆಯದಿದ್ದರೆ ಒಳಗಿರುವ ಮೆತ್ತನೆಯವರು ಜಾಗ ಬಿಡುತ್ತಾರೆ ಎಂಬ ಪಾಠ ಅವರಿಗೂ ಸುಲಭಕ್ಕೆ ಸಿಗಲಿಲ್ಲ.

ಗಡಿನಾಡಿನ ನಮಗೆ 'ನೀವು ಯಾವ ಕಡೆಯವರು?' ಎಂಬ ಪ್ರಶ್ನೆ ಹೊಸತಲ್ಲ. ಆ ಕಡೆ ಹೋದರೆ ಈ ಕಡೆಯವರು, ಈ ಕಡೆ ಬಂದರೆ ಆ ಕಡೆಯವರು. ಅದನ್ನು ಕೇಳದ ನಾಲ್ಕು ಜನ ಸಿಕ್ಕಿದ ದಿನ ಎದೆ ಹಗುರಾಗುವುದು ನಮಗೆ ಗೊತ್ತು. ಆ ನೀಲಿ ತೋಳದೊಳಗೆ ಬೆವರುತ್ತಿರುವವನಿಗೆ ಬೇಕಾದದ್ದೂ ಅಷ್ಟೇ. ವೇಷ ನಮಗೆ ಹಿಡಿಸಬೇಕೆಂದೇನೂ ಇಲ್ಲ. ಮುಂದಿನ ಸಲ ವಿಡಿಯೊ ಬಂದಾಗ ಒಳಗೊಬ್ಬ ಮನುಷ್ಯ ಇದ್ದಾನೆ ಎಂಬುದು ನೆನಪಿದ್ದರೆ ಸಾಕು. ನೀವೇನಂತೀರಿ?